ಗ್ರಾಮಸಭೆಗೊಂದು ನಡತೆ ನಿಯಮ: ಐದು ದಾರಿಗಳಲ್ಲಿ ನಿಮ್ಮ ಪೋಡಿಗೆ ಯಾವುದು?

ಒಂದು ಪೋಡಿನ, ಅಂದರೆ ಸೋಲಿಗ ಆದಿವಾಸಿಗಳ ಊರಿನ, ಗ್ರಾಮಸಭೆಯಲ್ಲಿ ಜೇನು ಮಾರಿದ ಹಣದ ಲೆಕ್ಕ ಓದುತ್ತಿದ್ದರು. ಓದುತ್ತಿದ್ದವನು ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ, ಪಿಯುಸಿ ಮುಗಿಸಿದ ಚುರುಕು ಹುಡುಗ. ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು, ಅದರ ರಟ್ಟಿಗೆ ಹಾಲಿನ ಕವರಿನ ಹೊದಿಕೆ. ಲೆಕ್ಕ ಅರ್ಧಕ್ಕೆ ಬಂದಾಗ, ಹಿಂದೆ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು "ತೂಕ ಹಾಕಿದ್ದು ಯಾರಪ್ಪಾ?" ಎಂದು ಕೇಳಿದರು. ತೂಕ ಹಾಕಿದ್ದು ಕಾರ್ಯದರ್ಶಿಯ ಭಾವ. ವ್ಯಾಪಾರಿಯನ್ನು ಕರೆತಂದಿದ್ದೂ ಅವನೇ. ಹಣವನ್ನು ಯಾರೂ ಮುಟ್ಟಿರಲಿಲ್ಲ, ಲೆಕ್ಕ ರೂಪಾಯಿಗೆ ರೂಪಾಯಿ ಸರಿಯಿತ್ತು. ಆದರೂ ಹುಡುಗನ ಮುಖ ಕೆಂಪಾಯಿತು, "ನನ್ನನ್ನೇ ಕಳ್ಳ ಅಂತೀಯಾ?" ಎಂದ. ಅಜ್ಜಿಯ ಮಗ ಎದ್ದು ನಿಂತ. ಅವತ್ತು ಮುರಿದ ಸಭೆ ಮತ್ತೆ ಕೂಡಲು ಮೂರು ತಿಂಗಳು ಹಿಡಿಯಿತು.

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆ. ಹಾಗೆ ಕೇಳುವುದಕ್ಕೆ ಒಂದು ನಿಯಮದ ಆಸರೆ ಇದ್ದಿದ್ದರೆ ಅದು ಆರೋಪ ಆಗುತ್ತಿರಲಿಲ್ಲ, ಸಭೆಯ ಕೆಲಸ ಆಗುತ್ತಿತ್ತು.

ಕಾಡಿನ ಮೇಲಿನ ಸಮುದಾಯ ಹಕ್ಕುಪತ್ರ ಕೈಗೆ ಬಂದ ಊರುಗಳಿಂದ, ಬರಬಹುದೆಂದು ಕಾಯುತ್ತಿರುವ ಹಾಡಿಗಳಿಂದ ನನಗೆ ಬರುವ ಪ್ರಶ್ನೆ ಸುಮಾರು ಒಂದೇ. ಸಮಿತಿಯವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಎಲ್ಲಿಂದ ತರುವುದು? ಕಾನೂನಿನಲ್ಲಿ ಇದ್ದಷ್ಟು ಸಾಕೆ? ಯಾವುದಾದರೂ ಸಂಸ್ಥೆ ಕೊಟ್ಟ ಮಾದರಿಗೆ ಸಹಿ ಹಾಕಿಬಿಡೋಣವೆ? ಊರಿನ ಹಿರಿಯರಾದ ಯಜಮಾನರ ನ್ಯಾಯವನ್ನೇ ಮುಂದುವರಿಸುವುದೆ? ಸಹಕಾರ ಸೊಸೈಟಿ ಮಾಡಿಕೊಳ್ಳುವುದೆ? ಇಲ್ಲವೆ ನಾವೇ ಕೂತು ಬರೆಯುವುದೆ?

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶ ಇಲ್ಲ. ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆ ನಮ್ಮ ಸೋಲಿಗರ, ಜೇನುಕುರುಬರ, ಬೆಟ್ಟಕುರುಬರ ಊರುಗಳನ್ನು ಮುಟ್ಟುವುದಿಲ್ಲ. ಇಲ್ಲಿ ಆದಿವಾಸಿ ಸ್ವಯಂ ಆಡಳಿತಕ್ಕೆ ನೆಲ ಕೊಟ್ಟಿರುವುದು ಮುಖ್ಯವಾಗಿ 2006ರ ಅರಣ್ಯ ಹಕ್ಕು ಕಾಯ್ದೆ. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ 2011ರಲ್ಲೇ ಅಲ್ಲಿನ ಹಲವು ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹಕ್ಕು ಸಿಕ್ಕಿದ ಮೇಲೆ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಪಾಚಿ ಬರೀ ಕೂಲಿಯ ಮಾತಾಗಿ ಉಳಿಯುವುದಿಲ್ಲ, ಆಡಳಿತದ ಮಾತಾಗುತ್ತದೆ. ನಡತೆಯ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ಅಳೆಯುವುದು ಯಾವುದರಿಂದ?

ಯಾವ ದಾರಿ ಹಿಡಿಯುವ ಮೊದಲೂ ನಾನು ಐದು ವಿಷಯ ನೋಡುತ್ತೇನೆ. ಐದಕ್ಕೂ ಒಂದೇ ತೂಕ ಇಲ್ಲ.

ಎಲ್ಲಕ್ಕಿಂತ ಮೇಲಿನದು ಇದು: ಸಭೆಯಲ್ಲಿ ಅತಿ ಕಡಿಮೆ ಮಾತಾಡುವವರು, ಅಂದರೆ ಓದು ಬಾರದ ಅಜ್ಜಿ, ಬೇರೆ ಊರಿಂದ ಮದುವೆಯಾಗಿ ಬಂದ ಸೊಸೆ, ಹದಿನೆಂಟು ತುಂಬಿದ ಹುಡುಗ, ಆ ನಿಯಮವನ್ನು ಬಾಯಲ್ಲಿ ಹೇಳಿ ಮುಖಂಡನನ್ನು ಪ್ರಶ್ನಿಸಬಲ್ಲರೆ? ಆಗದಿದ್ದರೆ ಅದು ಕಪಾಟಿನ ನಿಯಮ.

ಎರಡನೆಯದು ನೆಂಟಸ್ತಿಕೆ. ನಲವತ್ತು ಮನೆಯ ಪೋಡಿನಲ್ಲಿ ಒಂದೇ ಕುಲದವರು ಅಣ್ಣತಮ್ಮಂದಿರು, ಬೇರೆ ಕುಲದವರು ಬೀಗರು. ಎರಡೂ ಅಲ್ಲದವರನ್ನು ಹುಡುಕಲು ಪಕ್ಕದ ತಾಲ್ಲೂಕಿಗೆ ಹೋಗಬೇಕು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ನಿಯಮವೂ ನಿಲ್ಲುವುದಿಲ್ಲ.

ಉಳಿದ ಮೂರು ಬೇಗ ಹೇಳಿ ಮುಗಿಸಬಹುದು. ಹಣ ಹೋಗುವ ಹಾದಿ ಕಣ್ಣಿಗೆ ಕಾಣುತ್ತದೆಯೆ, ಬ್ಯಾಂಕು ಮತ್ತು ಇಲಾಖೆ ಅದನ್ನು ಮಾನ್ಯ ಮಾಡುತ್ತವೆಯೆ, ಮಾಡಿಕೊಳ್ಳಲು ಎಷ್ಟು ದಿನದ ಕೂಲಿ ಬಿಡಬೇಕು.

ಕಾನೂನಿನಲ್ಲಿ ಇದ್ದಷ್ಟೇ ಸಾಕು ಎಂಬುವವರಿಗೆ

ಖರ್ಚಿಲ್ಲದ ದಾರಿ ಇದು, ಮತ್ತು ಜನ ತಿಳಿದುಕೊಂಡಿರುವುದಕ್ಕಿಂತ ಹೆಚ್ಚು ಸರಕು ಇದರಲ್ಲಿದೆ. ಅರಣ್ಯ ಹಕ್ಕು ಕಾಯ್ದೆಯ 2008ರ ನಿಯಮಗಳು, 2012ರ ತಿದ್ದುಪಡಿ ಎರಡನ್ನೂ ಕೂಡಿಸಿ ಓದಿ. ಅರಣ್ಯ ಹಕ್ಕು ಸಮಿತಿಯಲ್ಲಿ 10ರಿಂದ 15 ಜನ, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹೆಂಗಸರು. ಗ್ರಾಮಸಭೆಗೆ ಕೋರಂ ಅರ್ಧದಷ್ಟು ಸದಸ್ಯರು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಕಾಡು ಕಾಯುವ ಸಮಿತಿ ಸಾಗಣೆ ಪರವಾನಗಿಯ ಬಗ್ಗೆ, ಮಾರಾಟದ ಹಣದ ಬಗ್ಗೆ ಏನೇ ತೀರ್ಮಾನಿಸಿದರೂ ಗ್ರಾಮಸಭೆ ಒಪ್ಪಬೇಕು.

ಇನ್ನೊಂದು ನಿಯಮ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. ಸಮಿತಿಯ ಸದಸ್ಯನೇ ವೈಯಕ್ತಿಕ ಹಕ್ಕಿಗೆ ಅರ್ಜಿ ಹಾಕಿದ್ದರೆ ಅದನ್ನು ಸಮಿತಿಗೆ ತಿಳಿಸಬೇಕು, ತನ್ನ ಅರ್ಜಿಯ ಪರಿಶೀಲನೆಯಲ್ಲಿ ಕೂರಬಾರದು. ಸ್ವಂತ ಲಾಭ ಬಂದ ಕಡೆ ಹಿಂದೆ ಸರಿ ಎಂಬ ಮಾತು ಕಾನೂನಿನಲ್ಲೇ ಇದೆ ಎಂದಾಯಿತು. ಆದರೆ ಅದು ಅವನಿಗೆ ಮಾತ್ರ. ಅವನ ತಮ್ಮನ ಅರ್ಜಿಗೆ, ಭಾವನ ತಕ್ಕಡಿಗೆ ಅದು ತಾಗುವುದಿಲ್ಲ. ಶಿಕ್ಷೆಯೂ ಅಷ್ಟಕ್ಕಷ್ಟೆ. ಕಾಯ್ದೆ ಮೀರಿದ ಸಮಿತಿಗೆ, ಸದಸ್ಯನಿಗೆ ಸಾವಿರ ರೂಪಾಯಿವರೆಗೆ ದಂಡ. ಅದಕ್ಕೂ ಗ್ರಾಮಸಭೆ ರಾಜ್ಯಮಟ್ಟದ ಸಮಿತಿಗೆ ಅರವತ್ತು ದಿನದ ನೋಟಿಸು ಕೊಡಬೇಕು. ಜೇನಿನ ತೂಕದ ಜಗಳ ಅಲ್ಲಿಯವರೆಗೆ ಕಾಯುವುದಿಲ್ಲ.

ಹಕ್ಕುಪತ್ರ ಇನ್ನೂ ಬಂದಿಲ್ಲ, ಹಂಚಲು ಹಣವೂ ಇಲ್ಲ ಎನ್ನುವ ಹಾಡಿಗೆ ಸದ್ಯಕ್ಕೆ ಇಷ್ಟು ಸಾಕು. ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಅಂಗನವಾಡಿಯ ಗೋಡೆಗೆ ಅಂಟಿಸಿ.

ಸಿದ್ಧ ಮಾದರಿ

ಸಂಸ್ಥೆಗಳವರು ತರುವ ಮಾದರಿ ನಿಯಮಾವಳಿ ಹತ್ತು ಹನ್ನೆರಡು ಪುಟ ಇರುತ್ತದೆ. ಒಂದೇ ಮಧ್ಯಾಹ್ನದಲ್ಲಿ ಓದಿ ಠರಾವು ಮಾಡಬಹುದು. ಇಲಾಖೆಯವರು ನೋಡಿ ತಲೆದೂಗುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. "ಹಿತಾಸಕ್ತಿ ಸಂಘರ್ಷವಿರುವ ಸದಸ್ಯರು ಸಭೆಯಿಂದ ನಿರ್ಗಮಿಸತಕ್ಕದ್ದು" ಎಂದು ಅದರಲ್ಲಿ ಬರೆದಿರುತ್ತದೆ. ನೆಂಟರೆಲ್ಲ ನಿರ್ಗಮಿಸಿದರೆ ಪೋಡಿನ ಸಭೆಯಲ್ಲಿ ಉಳಿಯುವುದು ಚಾಪೆ ಮಾತ್ರ. ಹಾಗಾಗಿ ಆ ಸಾಲನ್ನು ಎಲ್ಲರೂ ಬಿಡುತ್ತಾರೆ, ಅದರ ಬೆನ್ನಿಗೆ ಉಳಿದ ಸಾಲುಗಳನ್ನೂ ಬಿಡುತ್ತಾರೆ.

ಮಾದರಿಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕೆನಡಾದ ಮೂಲನಿವಾಸಿಗಳು, ಅಂದರೆ ಫಸ್ಟ್ ನೇಷನ್‌ಗಳು, ಎರಡು ಬಗೆಯ ಅನುಭವ ಕಂಡಿದ್ದಾರೆ. 2005ರ ಹಣಕಾಸು ನಿರ್ವಹಣಾ ಕಾಯ್ದೆಗೆ ಸೇರುವುದು ಬಿಡುವುದು ಆಯಾ ಸಮುದಾಯದ ಇಷ್ಟ. ಸೇರಿದವರಿಗೆ ಒಂದು ಮಂಡಳಿ ಹಣಕಾಸು ಆಡಳಿತದ ಮಾದರಿ ಕಾನೂನು ಕೊಡುತ್ತದೆ. ಅವರು ಅದನ್ನು ತಮ್ಮದಾಗಿ ಮಾಡಿಕೊಂಡು ಪಾಸು ಮಾಡುತ್ತಾರೆ, ಮಂಡಳಿ ಪರಿಶೀಲಿಸಿ ದೃಢಪಡಿಸಿದರೆ ಅಗ್ಗದ ಸಾಲಕ್ಕೆ ದಾರಿಯಾಗುತ್ತದೆ. ನೂರಾರು ಸಮುದಾಯಗಳು ಮನಸಾರೆ ಸೇರಿವೆ. 2013ರಲ್ಲಿ ಅದೇ ದೇಶದ ಸರ್ಕಾರ ಹಣಕಾಸು ಪಾರದರ್ಶಕತೆಯ ಇನ್ನೊಂದು ಕಾಯ್ದೆಯನ್ನು ಮೇಲಿಂದ ಹೇರಿತು. ಮುಖಂಡರ ಸಂಬಳ, ಲೆಕ್ಕಪತ್ರ ಎಲ್ಲವನ್ನೂ ಅಂತರ್ಜಾಲದಲ್ಲಿ ಹಾಕಿ, ಹಾಕದಿದ್ದರೆ ಅನುದಾನ ತಡೆಯುತ್ತೇವೆ ಎಂದಿತು. ತಮ್ಮನ್ನು ಕೇಳದೆ ಮಾಡಿದ ಕಾನೂನು ಎಂದು ಅನೇಕ ಸಮುದಾಯಗಳು ತಿರುಗಿಬಿದ್ದವು. 2015ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಆ ಬಲವಂತದ ಕ್ರಮಗಳನ್ನು ನಿಲ್ಲಿಸಿತು. ಲೆಕ್ಕ ತೋರಿಸಬೇಕು ಎಂಬುದರಲ್ಲಿ ಎರಡಕ್ಕೂ ಭೇದ ಇರಲಿಲ್ಲ. ಯಾರಿಗೆ ತೋರಿಸುವುದು, ಯಾರು ಹೇಳಿ ತೋರಿಸುವುದು ಎಂಬುದರಲ್ಲಿ ಇತ್ತು.

ಮಾದರಿಯನ್ನು ಹಿಡಿಯುವುದಾದರೆ ಹಣದ ಭಾಗವನ್ನು ಇಟ್ಟುಕೊಳ್ಳಿ: ಜಂಟಿ ಖಾತೆ, ರಶೀದಿ, ವರ್ಷಕ್ಕೊಮ್ಮೆ ಲೆಕ್ಕ ತಪಾಸಣೆ. ನಡತೆಯ ಭಾಗವನ್ನು ಹರಿದು ಹಾಕಿ, ನಿಮ್ಮದನ್ನು ಬರೆಯಿರಿ.

ಯಜಮಾನರ ನ್ಯಾಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ಓದಿದ ಹುಡುಗರು ಇದನ್ನು ಬೇಗ ತಳ್ಳಿಹಾಕುತ್ತಾರೆ, ಹೊರಗಿನಿಂದ ಬಂದ ಅಭಿಮಾನಿಗಳು ಅಷ್ಟೇ ಬೇಗ ತಲೆಮೇಲೆ ಹೊತ್ತುಕೊಳ್ಳುತ್ತಾರೆ.

ಸೋಲಿಗರಲ್ಲಿ ಜೇನು ಕಿತ್ತ ಮೇಲೆ ಒಂದಿಷ್ಟನ್ನು ನೆಲದ ಮೇಲೆ ಬಿಟ್ಟು ಬರುವ ಮಾತಿದೆ. ಹುಲಿಯೂ ಮನೆಯವರಂತೆ, ಅದಕ್ಕೆ ಮರ ಹತ್ತಲು ಬರುವುದಿಲ್ಲ, ಅದರ ಪಾಲು ಅದಕ್ಕೆ. ಹಕ್ಕು ಇದ್ದರೂ ಪೂರ್ತಿ ತೆಗೆದುಕೊಳ್ಳಬೇಡ, ಕೇಳಲಾರದವರ ಪಾಲನ್ನು ಕೇಳದೆಯೇ ಇಡು ಎನ್ನುವ ಈ ಒಂದು ಮಾತಿನಲ್ಲಿ ಇರುವ ನೀತಿ ಹನ್ನೆರಡು ಪುಟದ ಮಾದರಿಯಲ್ಲಿ ನನಗೆ ಸಿಕ್ಕಿಲ್ಲ.

ಹಳೆಯ ಕಥೆ ಇವತ್ತಿನ ಭ್ರಷ್ಟಾಚಾರಕ್ಕೆ ಉತ್ತರ ಕೊಟ್ಟ ಉದಾಹರಣೆಯೂ ಇದೆ. ಅಮೆರಿಕದ ಮೂಲನಿವಾಸಿಗಳ ಸ್ವಯಂ ಆಡಳಿತವಾದ ನವಾಹೋ ರಾಷ್ಟ್ರ 1987ರಲ್ಲಿ ದೊಡ್ಡದೊಂದು ರ‍್ಯಾಂಚ್ ಕೊಂಡಿತು. ಮಧ್ಯವರ್ತಿ ಕಂಪನಿ ಸುಮಾರು 2.62 ಕೋಟಿ ಡಾಲರಿಗೆ ಕೊಂಡು ಅದೇ ದಿನ 3.34 ಕೋಟಿ ಡಾಲರಿಗೆ ನವಾಹೋಗಳಿಗೆ ಮಾರಿತ್ತು. ಲಾಭದಲ್ಲಿ ಅಧ್ಯಕ್ಷ ಪೀಟರ್ ಮ್ಯಾಕ್‌ಡೊನಾಲ್ಡ್ ಅವರಿಗೆ ಪಾಲಿತ್ತು ಎಂಬುದು ಹೊರಬಿದ್ದಾಗ, 1989ರಲ್ಲಿ ಅವರ ಬುಡಕಟ್ಟು ಮಂಡಳಿ ಅವರನ್ನು ಕಡ್ಡಾಯ ರಜೆ ಮೇಲೆ ಕಳಿಸಿತು. ಆಮೇಲೆ ಅವರಿಗೆ ಶಿಕ್ಷೆಯೂ ಆಯಿತು. ಮುಖಂಡನಿಗೆ ಜನರ ಬಗ್ಗೆ ವಿಶ್ವಾಸದ ಹೊಣೆ ಇದೆಯೆ ಎಂಬ ಪ್ರಶ್ನೆ ನವಾಹೋ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಇದೆ, ಅದು ನಮ್ಮ ಸಂಪ್ರದಾಯದಲ್ಲೇ ಇದೆ ಎಂದಿತು ನ್ಯಾಯಾಲಯ. ಅದಕ್ಕೆ ಆಧಾರ ಮಾಡಿಕೊಂಡಿದ್ದು ವೀರ ಅವಳಿಗಳ ಕಥೆ. ಆ ಅಣ್ಣತಮ್ಮಂದಿರ ಯುದ್ಧಗಳು ಮುಗಿದ ಮೇಲೆ ಜನ ಒಮ್ಮತದಿಂದ ಮುಖಂಡರನ್ನು ಆರಿಸಿಕೊಂಡರು, ನಂಬಿಕೆ ಕಳೆದುಕೊಂಡವನ ಮಾತನ್ನು ಕೇಳುವುದನ್ನೇ ಬಿಟ್ಟರು. ಜನರ ನಂಬಿಕೆ ಇರುವವರೆಗಷ್ಟೇ ಅಧಿಕಾರ ಎಂದಾಯಿತು. ಆದರೆ ನವಾಹೋಗಳು ಕಥೆಯೊಂದನ್ನೇ ನಂಬಿ ಸುಮ್ಮನಾಗಲಿಲ್ಲ. ಅದೇ 1989ರಲ್ಲಿ ಆಡಳಿತ ಸಂಹಿತೆ ತಿದ್ದಿ ಅಧ್ಯಕ್ಷ, ಮಂಡಳಿ, ನ್ಯಾಯಾಂಗ ಮೂರನ್ನೂ ಬೇರೆ ಬೇರೆ ಮಾಡಿದರು.

ಯಜಮಾನರ ನ್ಯಾಯ ಎಡವುವುದು ಎಲ್ಲಿ ಎಂಬುದನ್ನೂ ನೇರವಾಗಿ ಹೇಳುತ್ತೇನೆ. ಒಂದು, ಯಜಮಾನನೇ ತಪ್ಪು ಮಾಡಿದರೆ ಕೇಳುವವರಾರು? ಎರಡು, ಹೆಂಗಸರು. ಮೇಘಾಲಯದ ಖಾಸಿಗಳಲ್ಲಿ ವಂಶ ತಾಯಿಯದು, ಆಸ್ತಿ ಕಿರಿಯ ಮಗಳದು. ಆದರೂ ದರ್ಬಾರು ಎಂಬ ಊರಿನ ಸಭೆಯಲ್ಲಿ ಹೆಂಗಸರಿಗೆ ಸಾಂಪ್ರದಾಯಿಕವಾಗಿ ಜಾಗ ಇರಲಿಲ್ಲ. ಮೂರನೆಯದು ಬಹಿಷ್ಕಾರ. ಮಾತಾಡಿಸಬೇಡಿ, ಮದುವೆಗೆ ಕರೆಯಬೇಡಿ ಎನ್ನುವುದು ಹಳೆಯ ಪಂಚಾಯಿತಿಗಳ ದೊಡ್ಡ ಆಯುಧ. ಮಹಾರಾಷ್ಟ್ರದಲ್ಲಿ 2016ರ ಕಾಯ್ದೆ ಅದನ್ನು ಅಪರಾಧ ಎಂದೇ ಮಾಡಿದೆ. ನಿಮ್ಮ ನಿಯಮದಲ್ಲಿ ಅದು ಯಾವ ರೂಪದಲ್ಲೂ ನುಸುಳಬಾರದು.

ಹಣದ ವ್ಯವಹಾರ ಕಡಿಮೆ ಇರುವ, ಹಿರಿಯರ ಮಾತಿಗೆ ಇನ್ನೂ ಬೆಲೆ ಇರುವ ಸಣ್ಣ ಪೋಡಿಗೆ ಈ ದಾರಿ ಒಗ್ಗುತ್ತದೆ. ಆದರೆ ಹೆಂಗಸರು ನ್ಯಾಯಕ್ಕೆ ಕೂರುತ್ತಾರೆ ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ.

ಸೊಸೈಟಿ

ಲ್ಯಾಂಪ್ಸ್, ಅಂದರೆ ಆದಿವಾಸಿಗಳ ದೊಡ್ಡ ವಿವಿಧೋದ್ದೇಶ ಸಹಕಾರ ಸೊಸೈಟಿಗಳನ್ನು ಕಂಡವರಿಗೆ ಇದರ ಒಳಹೊರಗು ಗೊತ್ತು. 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿ, ಬೈಲಾ, ಆಡಿಟ್, ಚುನಾವಣೆ ಎಲ್ಲ ಇರುತ್ತದೆ. ಬ್ಯಾಂಕು ಪ್ರಶ್ನೆ ಕೇಳುವುದಿಲ್ಲ, ದೊಡ್ಡ ಖರೀದಿದಾರ ನಂಬುತ್ತಾನೆ. ಬದಲಿಗೆ ನೀವು ಕೊಡುವುದು ಹಿಡಿತವನ್ನು. ಆಡಳಿತ ಮಂಡಳಿಯನ್ನು ಬರ್ಖಾಸ್ತು ಮಾಡಿ ಆಡಳಿತಾಧಿಕಾರಿಯನ್ನು ಕೂರಿಸುವ ಅಧಿಕಾರ ಇಲಾಖೆಗಿದೆ. ಅಲ್ಲಿ ಷೇರು ಇದ್ದವರು ಸದಸ್ಯರು. ಗ್ರಾಮಸಭೆಯಲ್ಲಿ ವಯಸ್ಸಿಗೆ ಬಂದ ಎಲ್ಲರೂ ಸದಸ್ಯರು.

ಹಲವು ಪೋಡುಗಳು ಸೇರಿ ಮಾರಾಟ ಮಾಡುವುದಾದರೆ ಸೊಸೈಟಿ ಅಥವಾ ಒಕ್ಕೂಟ ಬೇಕಾಗಬಹುದು. ಆದರೆ ಕಾಡಿನ ಹಕ್ಕು ಗ್ರಾಮಸಭೆಯದು, ಸೊಸೈಟಿ ಅದರ ಮಾರುವ ಕೈ ಅಷ್ಟೆ. ಈ ಒಂದು ಸಾಲನ್ನು ಬೈಲಾದಲ್ಲಿ ಬರೆಸದೆ ಸಹಿ ಹಾಕಬೇಡಿ.

ನಾವೇ ಬರೆಯುವುದು

ನನ್ನ ಒಲವು ಇದರ ಕಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯ ಐದನೇ ಕಲಮು ಇದಕ್ಕೆ ಬೇಕಾದ ಬಲ ಕೊಡುತ್ತದೆ. ಸಮುದಾಯದ ಕಾಡಿನ ಬಳಕೆಯ ಬಗ್ಗೆ ಗ್ರಾಮಸಭೆ ತೆಗೆದುಕೊಂಡ ತೀರ್ಮಾನ ಪಾಲನೆಯಾಗುವಂತೆ ನೋಡಿಕೊಳ್ಳುವ ಅಧಿಕಾರ ಗ್ರಾಮಸಭೆಗೇ ಇದೆ.

ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಎಂಬ ಗೊಂಡರ ಊರಿನ ಮಾತು ನೀವು ಕೇಳಿರಬಹುದು: ದಿಲ್ಲಿ ಮುಂಬಯಿಯಲ್ಲಿ ನಮ್ಮ ಸರ್ಕಾರ, ನಮ್ಮೂರಲ್ಲಿ ನಾವೇ ಸರ್ಕಾರ. ಅಲ್ಲಿ ತೀರ್ಮಾನ ಬಹುಮತದಿಂದ ಆಗುವುದಿಲ್ಲ, ಎಲ್ಲರ ಒಪ್ಪಿಗೆಯಿಂದ ಆಗುತ್ತದೆ. ಅದಕ್ಕೆ ಮೊದಲು ಅಭ್ಯಾಸ ಗುಂಪು ಕೂತು ವಿಷಯವನ್ನು ಓದಿ ತಿಳಿದುಕೊಳ್ಳುತ್ತದೆ. 2011ರಲ್ಲಿ ಬಿದಿರಿನ ಸಾಗಣೆ ಪರವಾನಗಿ ಕೊಡುವ ಅಧಿಕಾರ ಆ ಊರಿನ ಕೈಗೆ ಬಂದಾಗ, ದೊಡ್ಡ ಹಣ ನಿಭಾಯಿಸುವ ಮುಂಚೆಯೇ ಕೂತು ಮಾತಾಡುವ ಅಭ್ಯಾಸ ಅವರಿಗೆ ಇತ್ತು. ಆ ಕ್ರಮ ಮುಖ್ಯ.

ಇದರ ಬೆಲೆ ಕಾಲ. ನಾನು ಕಂಡ ಹಾಗೆ ಐದಾರು ಸಂಜೆಯ ಸಭೆ, ಮೂರು ನಾಲ್ಕು ತಿಂಗಳು ಬೇಕು. ಬರೆದದ್ದು ಒರಟಾಗಿರುತ್ತದೆ, ವಕೀಲರು ಮೂಗು ಮುರಿಯುತ್ತಾರೆ. ಆದರೆ ನೆಂಟಸ್ತಿಕೆಯ ಗಂಟನ್ನು ಬಿಡಿಸಿದ್ದು ಇಂಥ ಸಭೆಗಳೇ. ಮೇಲೆ ಹೇಳಿದ ಪೋಡಿನಲ್ಲಿ ಕೊನೆಗೆ ಬರೆದುಕೊಂಡದ್ದು ಇದು: "ನೆಂಟರ ವಿಷಯ ಬಂದರೆ ನೆಂಟ ಅಂತ ಮೊದಲು ಹೇಳು. ಕೂತು ಮಾತಾಡು. ತೀರ್ಮಾನಕ್ಕೆ ಕೈ ಎತ್ತಬೇಡ." ಹೊರಗೆ ಕಳಿಸುವುದಿಲ್ಲ, ಬಾಯಿ ಮುಚ್ಚಿಸುವುದಿಲ್ಲ, ಆದರೆ ನೆಂಟಸ್ತಿಕೆ ಎಲ್ಲರೆದುರು ಬಾಯಿಬಿಟ್ಟು ಹೇಳಿದ್ದಾಗುತ್ತದೆ. ತಕ್ಕಡಿಗೂ ಒಂದು ಸಾಲು ಬರೆದರು: ಹಿಡಿಯುವವರು ಇಬ್ಬರು, ಬೇರೆ ಬೇರೆ ಕುಲದವರು, ತೂಕವನ್ನು ಗಟ್ಟಿಯಾಗಿ ಕೂಗಬೇಕು. ಓದು ಬಾರದ ಅಜ್ಜಿಗೂ ಕೇಳಿಸಲಿ ಎಂದೇ ಆ ಕೂಗು.

ತಪ್ಪಿಗೆ ಏನು ಮಾಡುವುದು ಎಂಬಲ್ಲಿ ಆತುರ ಬೇಡ. ದಂಡ ಹಾಕಿದರೆ ಉಳ್ಳವನು ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ, ಇಲ್ಲದವನು ಸಾಲ ಮಾಡುತ್ತಾನೆ. ಹಣ ಹಿಂತಿರುಗಿಸುವುದು, ಸಭೆಯಲ್ಲಿ ಒಪ್ಪಿಕೊಳ್ಳುವುದು, ಒಂದು ಹಂಗಾಮು ಹುದ್ದೆಯಿಂದ ಇಳಿದಿರುವುದು ಇವು ನಿಂತದ್ದನ್ನು ಕಂಡಿದ್ದೇನೆ. ದೂರು ಕೇಳಲು ಸಮಿತಿಯಲ್ಲಿ ಇಲ್ಲದ ಮೂವರನ್ನು ಗೊತ್ತು ಮಾಡಿ, ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಊರೊಳಗೆ ತೀರದ ದೂರಿಗೆ ಪಕ್ಕದ ಪೋಡಿನ ಇಬ್ಬರು ಹಿರಿಯರನ್ನು ಕರೆಯುವ ಏರ್ಪಾಡೂ ಇರಲಿ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯ, ಹೊಡೆತ ಬಡಿತ ಇವು ಈ ಮೂವರ ಕೆಲಸ ಅಲ್ಲ, ನೇರ ಪೊಲೀಸು ಮತ್ತು ಕೋರ್ಟಿನ ಕೆಲಸ ಎಂಬುದನ್ನು ನಿಯಮದಲ್ಲೇ ಬರೆಯಿರಿ.

ಹಾಗಾದರೆ ನಿಮಗೆ ಯಾವುದು?

ವರ್ಷದ ಸಾಮೂಹಿಕ ಆದಾಯ ಏನೂ ಇಲ್ಲದಿದ್ದರೆ ಕಾನೂನಿನ ನಿಯಮ, ಅದರ ಜೊತೆ ನೆಂಟಸ್ತಿಕೆಯ ಒಂದು ಸಾಲು. ಅಷ್ಟಕ್ಕೆ ನಿಲ್ಲಿಸಿ.

ಜೇನು, ನೆಲ್ಲಿ, ಬಿದಿರಿನ ಹಣ ಕೈಗೆ ಬರುತ್ತಿದ್ದರೆ ನೀವೇ ಬರೆಯಿರಿ. ಹಣದ ಭಾಗಕ್ಕೆ ಮಾದರಿಯಿಂದ ಎರವಲು ತಂದರೆ ಅರ್ಧ ಸಮಯ ಉಳಿಯುತ್ತದೆ.

ಹತ್ತಾರು ಪೋಡುಗಳ ಒಕ್ಕೂಟವಾದರೆ ಎರಡು ಪದರ ಬೇಕು: ಪೋಡಿನ ನಿಯಮ ಪೋಡಿನದು, ಒಕ್ಕೂಟಕ್ಕೆ ನೋಂದಾಯಿತ ಬೈಲಾ. ಒಂದರ ಕೆಲಸ ಇನ್ನೊಂದರ ಮೇಲೆ ಹಾಕಬೇಡಿ.

ಗಣಿ ಕಂಪನಿಯೋ ರೆಸಾರ್ಟ್ ಮಾಲೀಕನೋ ಪುನರ್ವಸತಿ ಯೋಜನೆಯವರೋ ಬಾಗಿಲಿಗೆ ಬಂದಿದ್ದರೆ ಉಳಿದದ್ದೆಲ್ಲ ಬದಿಗಿಟ್ಟು ಮೊದಲು ಒಂದೇ ನಿಯಮ ಮಾಡಿ: ಅವರ ಜೊತೆ ಯಾರೂ ಒಬ್ಬರೇ ಮಾತಾಡುವಂತಿಲ್ಲ, ಅವರಿಂದ ಊಟ, ಗಾಡಿ, ಫೋನು, ಕೆಲಸದ ಭರವಸೆ ಏನೇ ಸಿಕ್ಕಿದರೂ ಮುಂದಿನ ಸಭೆಯಲ್ಲಿ ಹೇಳಬೇಕು. 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಒಡಿಶಾದ ನಿಯಮಗಿರಿ ಬೆಟ್ಟದ 12 ಗ್ರಾಮಸಭೆಗಳು ಒಂದೊಂದಾಗಿ ಕೂತು ಬಾಕ್ಸೈಟ್ ಗಣಿಯನ್ನು ಬೇಡವೆಂದವು. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರು ಮಾತಾಡಿದ್ದು ಎಲ್ಲರೆದುರು, ಬಯಲಿನಲ್ಲಿ.

ಶುರು ಮಾಡುವ ಕಾಲವನ್ನೂ ನೋಡಿಕೊಳ್ಳಿ. ಜೇನಿನ ಹಂಗಾಮಿನಲ್ಲಿ ಗಂಡಸರು ಕಾಡಿನಲ್ಲಿರುತ್ತಾರೆ, ಕಾಫಿ ಕೊಯ್ಲಿನ ಹೊತ್ತಿಗೆ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ. ನಡುವೆ ಸಿಗುವ ವಾರಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ, ಅಡುಗೆ ಮುಗಿದ ಮೇಲೆ ಕರೆಯಿರಿ. ಮೊದಲ ದಿನ ಕಾಗದ ತೆಗೆಯಬೇಡಿ. "ಇಲ್ಲಿಯವರೆಗೆ ನಿಮಗೆ ಕೇಳಬೇಕು ಅನ್ನಿಸಿ ಕೇಳಲಾಗದೆ ಹೋದದ್ದು ಏನು?" ಎಂದು ಹಿಂದಿನ ಸಾಲಿನಿಂದ ಕೇಳುತ್ತಾ ಬನ್ನಿ.